ಟ್ರಾವೆಲ್ ಟ್ರೇಲರ್‌ನ ಪ್ರೊಪೇನ್: ಸಿಲಿಂಡರ್ ದೊಡ್ಡದು ಮಾಡುವ ಮುನ್ನ, ಮಾಡುವಾಗ

ಅಮೆರಿಕದಲ್ಲಿ ಪಿಕಪ್, ಎಸ್‌ಯುವಿಗಳ ಹಿಂದೆ ಹೋಗುವ, ಒಳಗೆ ತಂಗುವ ಚಕ್ರದ ಮನೆಗಳಾದ ಹೆಚ್ಚಿನ ಟ್ರಾವೆಲ್ ಟ್ರೇಲರ್‌ಗಳ ಮೂತಿಯ ಮೇಲೆ, ಪ್ಲಾಸ್ಟಿಕ್ ಮುಚ್ಚಳದಡಿ, 20 ಪೌಂಡಿನ ಎರಡು ಪ್ರೊಪೇನ್ ಸಿಲಿಂಡರ್ ಕುಳಿತಿರುತ್ತವೆ. ಒಲೆ, ಬಿಸಿನೀರಿನ ಹೀಟರ್, ಒಳಗನ್ನು ಬೆಚ್ಚಗಿಡುವ ಫರ್ನೇಸ್, ಗ್ಯಾಸಿನಲ್ಲಿ ಓಡುವ ಫ್ರಿಜ್ ಎಲ್ಲಕ್ಕೂ ಅದೇ ಮೂಲ. ಚಳಿಯಲ್ಲಿ ಎರಡು ರಾತ್ರಿ ತಂಗಿದವರಿಗೆ ಮೊದಲು ಹೊಳೆಯುವುದು 30 ಪೌಂಡಿನದ್ದು ಹಾಕಿಬಿಡೋಣ ಅಂತ. 30 ಪೌಂಡ್ ಅಂದರೆ 13.6 ಕೆ.ಜಿ., ನಮ್ಮೂರ ಅಡುಗೆಮನೆಯ 14.2 ಕೆ.ಜಿ. ಸಿಲಿಂಡರಿಗೆ ಹೆಚ್ಚುಕಮ್ಮಿ ಸಮ. ಆಸೆ ತಪ್ಪಲ್ಲ. ಆದರೆ ಸಿಲಿಂಡರ್ ದೊಡ್ಡದಾದರೆ ಗ್ಯಾಸ್ ಹೆಚ್ಚು ದಿನ ಬರುತ್ತದೆಯೇ ಹೊರತು ಉರಿ ಜೋರಾಗುವುದಿಲ್ಲ. ಟ್ರೇಲರ್‌ನಲ್ಲಿ ಕೈಕೊಡುವುದು ಬಹುತೇಕ ಸಿಲಿಂಡರ್ ಅಲ್ಲ, ಅದರ ಮುಂದಿರುವ ರೆಗ್ಯುಲೇಟರ್ ಮತ್ತು ರಬ್ಬರ್ ಹೋಸ್.

ಹಾಗಾಗಿ ದುಡ್ಡು ಬಿಚ್ಚುವ ಮೊದಲು ನಿಮ್ಮ ತೊಂದರೆ ಯಾವ ಜಾತಿಯದು ನೋಡಿ. ಗ್ಯಾಸ್ ಬೇಗ ಮುಗಿಯುತ್ತಿದ್ದರೆ ದೊಡ್ಡ ಸಿಲಿಂಡರ್. ನಡುರಾತ್ರಿ ಒಂದು ಸಿಲಿಂಡರ್ ಖಾಲಿಯಾಗಿ ಫರ್ನೇಸ್ ನಿಂತು, ಚಳಿಯಲ್ಲಿ ಹೊರಗೆ ಹೋಗಿ ಇನ್ನೊಂದನ್ನು ತೆರೆಯಬೇಕಾಗಿದ್ದರೆ ಬೇಕಾದದ್ದು ತಾನೇ ಇನ್ನೊಂದು ಸಿಲಿಂಡರಿಗೆ ಹೊರಳುವ ಆಟೋಮ್ಯಾಟಿಕ್ ಚೇಂಜ್‌ಓವರ್ ರೆಗ್ಯುಲೇಟರ್. ಒಲೆಯ ಉರಿ ಸಣ್ಣಗಾಗಿ, ಹೀಟರ್ ಹತ್ತಿದಾಗ ಇನ್ನೂ ಕುಗ್ಗಿದರೆ ಅದು ಒತ್ತಡದ ಸಮಸ್ಯೆ. 40 ಪೌಂಡಿನ ಸಿಲಿಂಡರ್ ತಂದಿಟ್ಟರೂ ಅದು ಹೋಗುವುದಿಲ್ಲ. ಗ್ಯಾಸಿನ ವಾಸನೆ ಬರುತ್ತಿದ್ದರೆ ಮೊದಲು ಸೋರಿಕೆ ನಿಲ್ಲಿಸಿ, ಅಪ್‌ಗ್ರೇಡ್ ಮಾತು ಆಮೇಲೆ.

ಎಷ್ಟು ದಿನ ಬರುತ್ತದೆ: ಲೆಕ್ಕ

ಒಂದು ಪೌಂಡ್ ಪ್ರೊಪೇನ್‌ನಲ್ಲಿ ಸುಮಾರು 21,600 ಬಿಟಿಯು ಶಾಖ (ಬಿಟಿಯು ಅಂದರೆ ಶಾಖದ ಅಳತೆ). 20 ಪೌಂಡಿನ ಸಿಲಿಂಡರಿನಲ್ಲಿ 4.3 ಲಕ್ಷ, 30 ಪೌಂಡಿನದರಲ್ಲಿ 6.5 ಲಕ್ಷ ಬಿಟಿಯುಗೆ ಹತ್ತಿರ. ಮಧ್ಯಮ ಗಾತ್ರದ ಟ್ರೇಲರ್‌ನ ಫರ್ನೇಸ್ ಗಂಟೆಗೆ ಸುಮಾರು 30,000 ಬಿಟಿಯು ತಿನ್ನುತ್ತದೆ. ಚಳಿರಾತ್ರಿ ಹತ್ತು ಗಂಟೆಗಳಲ್ಲಿ ಅರ್ಧ ಹೊತ್ತು ಉರಿಯಿತು ಅಂದುಕೊಂಡರೆ ಒಂದು ರಾತ್ರಿಗೆ 1.5 ಲಕ್ಷ ಬಿಟಿಯು, ಅಂದರೆ ಏಳು ಪೌಂಡ್. 20 ಪೌಂಡಿನದು ಮೂರು ರಾತ್ರಿಗೆ ಸ್ವಲ್ಪ ಕಡಿಮೆ, 30 ಪೌಂಡಿನದು ನಾಲ್ಕು ರಾತ್ರಿಗೆ ಸ್ವಲ್ಪ ಹೆಚ್ಚು. ಫ್ರಿಜ್ ದಿನಕ್ಕೆ ಒಂದರಿಂದ ಒಂದೂವರೆ ಪೌಂಡ್. ಒಲೆಯ ಖರ್ಚು ಇವುಗಳ ಮುಂದೆ ಲೆಕ್ಕಕ್ಕೇ ಬಾರದು. ದಿನಕ್ಕೆ ಎರಡು ಸಲ ಅನ್ನ-ಸಾರು ಮಾಡಿದರೂ ಗ್ಯಾಸ್ ಮುಗಿಸುವುದು ಫರ್ನೇಸೇ.

ಇಲ್ಲಿ ಅನೇಕರು ಎಡವುತ್ತಾರೆ. ಫರ್ನೇಸಿನ ಬ್ಲೋವರ್ (ಬಿಸಿಗಾಳಿ ಊದುವ ಫ್ಯಾನ್) 12 ವೋಲ್ಟ್ ಬ್ಯಾಟರಿಯಿಂದ ಓಡುತ್ತದೆ, ಓಡುವಾಗ ಏಳೆಂಟು ಆಂಪಿಯರ್ ಎಳೆಯುತ್ತದೆ. ಅದೇ ರಾತ್ರಿಯ ಐದು ಗಂಟೆ ಉರಿಗೆ 35ರಿಂದ 40 ಆಂಪ್-ಅವರ್ ಬೇಕು. ಟ್ರೇಲರ್ ಜೊತೆ ಬರುವ ಸಾಮಾನ್ಯ ಲೆಡ್-ಆ್ಯಸಿಡ್ ಬ್ಯಾಟರಿ ಒಂದರಿಂದ ಹಾನಿಯಿಲ್ಲದೆ ತೆಗೆಯಬಹುದಾದದ್ದೇ ಅಷ್ಟು. ಕರೆಂಟ್ ಇಲ್ಲದ ಕಡೆ ತಂಗುವವರಿಗೆ ಗ್ಯಾಸ್ ಮುಗಿಯುವ ಮೊದಲೇ ಬ್ಯಾಟರಿ ಮಲಗುತ್ತದೆ. ಅಂಥವರು ಮೊದಲು ಬ್ಯಾಟರಿ ನೋಡಿಕೊಂಡು ಆಮೇಲೆ ಸಿಲಿಂಡರ್ ಕಡೆ ಬರುವುದು ಮೇಲು.

ಜಾಗ ಇದೆಯೇ? ಟೇಪು ಹಿಡಿದು ನೋಡಿ

20 ಮತ್ತು 30 ಪೌಂಡಿನ ಸಿಲಿಂಡರ್‌ಗಳ ಸುತ್ತಳತೆ ಒಂದೇ, ವ್ಯಾಸ ಸುಮಾರು 12.5 ಇಂಚು. ಆದ್ದರಿಂದ ಕೆಳಗಿನ ತಟ್ಟೆ ಬದಲಿಸಬೇಕಿಲ್ಲ. ಬದಲಾಗುವುದು ಎತ್ತರ: 20 ಪೌಂಡಿನದು 18 ಇಂಚು, 30 ಪೌಂಡಿನದು 24 ಇಂಚಿನ ಆಸುಪಾಸು. ಈ ಆರು ಇಂಚು ಮೂರು ಕಡೆ ತಗಲುತ್ತದೆ.

ಒಂದು, ಪಿಕಪ್‌ನ ಹಿಂಬಾಗಿಲು. ಟ್ರೇಲರ್ ಕೊಂಡಿ ಹಾಕಿದ ಸ್ಥಿತಿಯಲ್ಲಿ ಟೇಲ್‌ಗೇಟ್ ಕೆಳಗಿಳಿಸಿ, ಅದು ಹೊಸ ಮುಚ್ಚಳದ ಎತ್ತರಕ್ಕೆ ಬಡಿಯುತ್ತದೆಯೇ ನೋಡಿ. ನೆಟ್ಟಗೆ ನಿಂತಾಗ ಬಡಿಯದಿದ್ದದ್ದು ತಿರುವಿನಲ್ಲಿ ಬಡಿಯಬಹುದು. ಕೊಂಚ ಓರೆ ನಿಲ್ಲಿಸಿಯೂ ನೋಡಿ. ಎರಡು, ಟ್ರೇಲರ್ ಎತ್ತುವ ಜಾಕ್. ಕೈಯಲ್ಲಿ ತಿರುಗಿಸುವ ಜಾಕ್ ಆದರೆ ಹಿಡಿಕೆ ಪೂರ್ತಿ ಸುತ್ತು ಬರಬೇಕು. ವಿದ್ಯುತ್ ಜಾಕ್ ಆದರೆ ಮೋಟಾರಿನ ತಲೆಗೆ ಜಾಗ ಬೇಕು. ಮೂರು, ಟ್ರೇಲರ್‌ನ ಮುಂಗಿಟಕಿ ಅಥವಾ ಅದರ ಮೇಲೆ ಮಡಚುವ ಕಲ್ಲುರಕ್ಷಕ. 20 ಪೌಂಡಿನ ಮುಚ್ಚಳ 30 ಪೌಂಡಿನದಕ್ಕೆ ಕೂರುವುದಿಲ್ಲ, ಬೇರೆಯೇ ಕೊಳ್ಳಬೇಕು. ಅದರ ಅಳತೆ ಪೆಟ್ಟಿಗೆಯ ಮೇಲಿರುತ್ತದೆ. ರಟ್ಟಿನಲ್ಲಿ ಅಷ್ಟೇ ಎತ್ತರದ ಡಬ್ಬಿ ಮಾಡಿ ಇಟ್ಟು ನೋಡಿದರೆ ಹತ್ತು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಇನ್ನು ತೂಕ. 20 ಪೌಂಡಿನ ಸಿಲಿಂಡರ್ ತುಂಬಿದಾಗ ಸುಮಾರು 37 ಪೌಂಡ್, 30 ಪೌಂಡಿನದು ಸುಮಾರು 55. ಎರಡಕ್ಕೂ ಸೇರಿ 35 ಪೌಂಡ್ ಹೆಚ್ಚಾಯಿತು, ಅದರ ಬಹುಪಾಲು ಬೀಳುವುದು ನೇರ ಮೂತಿಯ ಮೇಲೆ. ಟ್ರೇಲರ್ ತೂಕದ ಶೇಕಡಾ 10ರಿಂದ 15 ಭಾಗ ಮೂತಿಯ ಮೇಲಿರಬೇಕು ಅನ್ನುವುದು ನಿಯಮ. ಕಡಿಮೆಯಾದರೆ ಹಿಂಭಾಗ ಓಲಾಡುತ್ತದೆ, ಹೆಚ್ಚಾದರೆ ಎಳೆಯುವ ಗಾಡಿಯ ಮುಂಚಕ್ರ ಹಗುರಾಗುತ್ತದೆ. 35 ಪೌಂಡ್ ದೊಡ್ಡದಲ್ಲ. ಆದರೆ ಈಗಾಗಲೇ ಹಿಚ್‌ನ (ಎಳೆಯುವ ಕೊಂಡಿಯ) ಮಿತಿ ಮುಟ್ಟಿರುವ ಸಣ್ಣ ಎಸ್‌ಯುವಿ ಇದ್ದರೆ, ಮೂತಿಯ ಪೆಟ್ಟಿಗೆಯಿಂದ ಅಷ್ಟೇ ತೂಕದ ಸಾಮಾನು ಹಿಂದಕ್ಕೆ ಸಾಗಿಸಿ. ಟ್ರೇಲರ್ ಸಣ್ಣದಾಗಿದ್ದು ಬೇಸಿಗೆಯಲ್ಲಷ್ಟೇ ತಿರುಗುವವರಿಗೆ ನಮ್ಮ ಸಲಹೆ: 20 ಪೌಂಡಿನವನ್ನೇ ಉಳಿಸಿಕೊಂಡು ರೆಗ್ಯುಲೇಟರ್, ಹೋಸ್ ಮಾತ್ರ ಹೊಸದು ಮಾಡಿ. 40 ಪೌಂಡಿನದು ಇನ್ನೂ ಐದು ಇಂಚು ಎತ್ತರ, ತುಂಬಿದಾಗ 70 ಪೌಂಡ್ ಹತ್ತಿರ. ಒಬ್ಬರೇ ಎತ್ತಿ ಕೂರಿಸುವ ಮಾತಲ್ಲ.

ಏನೇನು ತರಬೇಕು

30 ಪೌಂಡಿನ ಸಿಲಿಂಡರ್ ಎರಡು. ಹಳೆಯದು ಕೊಳ್ಳುವುದಾದರೆ ಕಾಲರ್ (ವಾಲ್ವ್ ಸುತ್ತಲಿನ ಲೋಹದ ಬಳೆ) ಮೇಲಿನ ಅಚ್ಚು ಓದಿ. ತಯಾರಾದ ತಿಂಗಳು-ವರ್ಷ ಇರುತ್ತದೆ. ಅಮೆರಿಕದಲ್ಲಿ ಅಲ್ಲಿಂದ 12 ವರ್ಷಕ್ಕೆ ಮರುಪರೀಕ್ಷೆ ಆಗಬೇಕು, ಕೆನಡಾದಲ್ಲಿ 10ಕ್ಕೆ. ಅವಧಿ ಮೀರಿದ್ದನ್ನು ತುಂಬಿಸುವ ಅಂಗಡಿಯವರು ಮುಟ್ಟುವುದಿಲ್ಲ. ವಾಲ್ವ್‌ನ ಹಿಡಿಕೆ ಮೂರು ಮೂಲೆಯದಾಗಿರಬೇಕು: ಅತಿತುಂಬು ತಡೆ ಒಳಗಿದೆ ಅನ್ನುವುದಕ್ಕೆ ಅದೇ ಗುರುತು. ಅದಿಲ್ಲದ ಸಣ್ಣ ಸಿಲಿಂಡರ್‌ಗಳನ್ನು 2002ರ ಏಪ್ರಿಲ್‌ನಿಂದ ತುಂಬಿಸುವಂತಿಲ್ಲ. ಕಾಲರ್ ಮೇಲೆ ಇನ್ನೆರಡು ಸಂಖ್ಯೆಗಳಿರುತ್ತವೆ. ಒಂದು ಖಾಲಿ ತೂಕ, ಇನ್ನೊಂದು ಹಿಡಿಯುವ ನೀರಿನ ತೂಕ. ನೀರಿನ ತೂಕವನ್ನು 0.42ರಿಂದ ಗುಣಿಸಿದರೆ ಪ್ರೊಪೇನ್ ಎಷ್ಟು ಹಿಡಿಯುತ್ತದೆ ಅನ್ನುವುದು ಬರುತ್ತದೆ. 30 ಪೌಂಡಿನದರ ಮೇಲೆ 71.4 ಎಂದಿರುವುದು ಇದಕ್ಕೇ.

ಎರಡು ಹಂತದ ಆಟೋಮ್ಯಾಟಿಕ್ ಚೇಂಜ್‌ಓವರ್ ರೆಗ್ಯುಲೇಟರ್ ಒಂದು. ಬೆಚ್ಚಗಿನ ದಿನ ಸಿಲಿಂಡರಿನೊಳಗೆ ಚದರ ಇಂಚಿಗೆ 110 ಪೌಂಡ್ ಒತ್ತಡವಿರುತ್ತದೆ. ಮೊದಲ ಹಂತ ಅದನ್ನು 10ರ ಸುಮಾರಿಗೆ ಇಳಿಸುತ್ತದೆ, ಎರಡನೆಯದು ನೀರಿನ ಕಂಬದ 11 ಇಂಚಿಗೆ, ಅಂದರೆ ಅರ್ಧ ಪೌಂಡಿಗೂ ಕಡಿಮೆಗೆ ತರುತ್ತದೆ. ಊರಿನ ಗ್ಯಾಸ್ ರೆಗ್ಯುಲೇಟರ್ ಕೊಡುವುದೂ ಹೆಚ್ಚುಕಮ್ಮಿ ಇಷ್ಟೇ. ಒಂದೇ ಹಂತದ ಅಗ್ಗದ ರೆಗ್ಯುಲೇಟರ್ ಬಾರ್ಬೆಕ್ಯೂಗೆ ಸರಿ. ಹೊರಗಿನ ಚಳಿ ಏರಿಳಿದು ಸಿಲಿಂಡರಿನ ಒತ್ತಡ 110ರಿಂದ 25ಕ್ಕೆ ಬಿದ್ದಾಗಲೂ ಒಲೆಗೆ 11 ಇಂಚೇ ಸಿಗಬೇಕೆಂದರೆ ಎರಡು ಹಂತ ಬೇಕು.

ರೆಗ್ಯುಲೇಟರ್ ಗಂಟೆಗೆ ಎಷ್ಟು ಬಿಟಿಯು ಕೊಡಬಲ್ಲದು ನೋಡಿಕೊಳ್ಳಿ. ಫರ್ನೇಸ್ 30,000, ಹೀಟರ್ 12,000, ಮೂರು ಬರ್ನರಿನ ಒಲೆ 22,000, ಓವನ್ 7,000, ಫ್ರಿಜ್ 1,500, ಒಟ್ಟು 72,500. ಟ್ಯಾಂಕಿಲ್ಲದ ಇನ್‌ಸ್ಟಂಟ್ ಹೀಟರ್ ಇದ್ದರೆ ಅದೊಂದೇ 60,000ದವರೆಗೆ ಬೇಡುತ್ತದೆ, ಮೊತ್ತ 1.2 ಲಕ್ಷ ಮುಟ್ಟುತ್ತದೆ. 1.5 ಲಕ್ಷಕ್ಕಿಂತ ಮೇಲಿನದು ತಂದರೆ ಎರಡೂ ಸಂದರ್ಭಕ್ಕೆ ಆಗುತ್ತದೆ.

ಪಿಗ್‌ಟೇಲ್ ಹೋಸ್ (ಸಿಲಿಂಡರಿನಿಂದ ರೆಗ್ಯುಲೇಟರಿಗೆ ಹೋಗುವ ಗಿಡ್ಡ ಹೋಸ್) ಎರಡು: ಒಂದು ತುದಿಯಲ್ಲಿ ಕೈಯಲ್ಲಿ ತಿರುಗಿಸುವ ದೊಡ್ಡ ಪ್ಲಾಸ್ಟಿಕ್ ನಟ್, ಇನ್ನೊಂದು ತುದಿ 1/4 ಇಂಚಿನ ಇನ್ವರ್ಟೆಡ್ ಫ್ಲೇರ್ ಎಂಬ ಲೋಹದ ಜೋಡಣೆ. ಹಸಿರು ನಟ್ ಗಂಟೆಗೆ 2 ಲಕ್ಷ ಬಿಟಿಯುವರೆಗೆ ಬಿಡುತ್ತದೆ, ಟ್ರೇಲರಿಗೆ ಅದೇ ತಕ್ಕುದು. ಉದ್ದ 15 ಇಂಚು ಸಾಮಾನ್ಯ. ಸಿಲಿಂಡರ್ ಎತ್ತರವಾದರೆ 18 ಇಂಚಿನದು ಬೇಕಾಗಬಹುದು, ಅಳೆದು ತನ್ನಿ. ಎಳೆದು ಬಿಗಿಯಾದ ಹೋಸ್ ರಸ್ತೆಯ ಕುಲುಕಾಟಕ್ಕೆ ನಟ್‌ನ ಬುಡದಲ್ಲೇ ಬಿರಿಯುತ್ತದೆ.

ಇದಲ್ಲದೆ ಎರಡು ಸಿಲಿಂಡರಿನ ಮಧ್ಯೆ ನಿಂತು ಅಡ್ಡಪಟ್ಟಿಯ ಮೂಲಕ ಅವನ್ನು ಹಿಡಿದಿಡುವ ಥ್ರೆಡ್ ಕಂಬಿ ಆರು ಇಂಚು ಹೆಚ್ಚು ಉದ್ದದ್ದು (ಹಳೆಯದರ ದಪ್ಪ, ಥ್ರೆಡ್ ಎರಡನ್ನೂ ಅಳೆದು), 30 ಪೌಂಡಿಗೆ ಹೊಂದುವ ಮುಚ್ಚಳ, ಗ್ಯಾಸಿಗೆಂದೇ ಇರುವ ಹಳದಿ ಟೆಫ್ಲಾನ್ ಟೇಪ್, ಸೋರಿಕೆ ನೋಡುವ ದ್ರಾವಣ, ದೊಡ್ಡ ಅಡ್ಜಸ್ಟಬಲ್ ಸ್ಪ್ಯಾನರ್ ಎರಡು. ನಲ್ಲಿಗೆ ಸುತ್ತುವ ತೆಳು ಬಿಳಿ ಟೇಪ್ ಇಲ್ಲಿ ಬೇಡ. ರೆಗ್ಯುಲೇಟರಿನಿಂದ ಟ್ರೇಲರ್ ಅಡಿಯ ಕಬ್ಬಿಣದ ಪೈಪಿಗೆ ಹೋಗುವ ಮುಖ್ಯ ಹೋಸ್ ಬಿರುಕು ಬಿಟ್ಟಿದ್ದರೆ ಅದನ್ನೂ ಈಗಲೇ ಬದಲಿಸಿ. ಮಡಚಿ ನೋಡಿ, ಬಾಗಿದ ಹೊರಮೈಯಲ್ಲಿ ಕೂದಲೆಳೆ ಸೀಳು ಕಂಡರೂ ಸಾಕು, ಅದರ ಕಾಲ ಮುಗಿದಿದೆ.

ಹೊಸ ಸಿಲಿಂಡರ್ ಮೊದಲ ಸಲ ತುಂಬಿಸುವಾಗ

ಹೊಸದರಲ್ಲಿ ಗಾಳಿ ಮತ್ತು ತೇವ ಇರುತ್ತದೆ. ಹಾಗೇ ತುಂಬಿಸಿದರೆ ಒಲೆ ಹೊತ್ತಿಕೊಳ್ಳದೆ ಸತಾಯಿಸುತ್ತದೆ, ಫ್ರಿಜ್ ಉರಿ ಆರುತ್ತದೆ, ಚಳಿಯಲ್ಲಿ ಆ ತೇವ ರೆಗ್ಯುಲೇಟರಿನೊಳಗೆ ಮಂಜಾಗಿ ಗ್ಯಾಸ್ ಕಟ್ಟುತ್ತದೆ. ತುಂಬಿಸುವವರಿಗೆ 'ಇದು ಹೊಸದು, ಪರ್ಜ್ ಮಾಡಿ' ಎಂದು ಬಾಯಿಬಿಟ್ಟು ಹೇಳಿ. ಸ್ವಲ್ಪ ಪ್ರೊಪೇನ್ ಆವಿ ಬಿಟ್ಟು, ಹೊರಹಾಕಿ, ಹೀಗೆ ನಾಲ್ಕೈದು ಸಲ ಮಾಡುತ್ತಾರೆ. ಕಾರ್ಖಾನೆಯಲ್ಲೇ ನಿರ್ವಾತ ಮಾಡಿದ ಸಿಲಿಂಡರಿನ ಮೇಲೆ ಹಾಗೆಂದು ಚೀಟಿ ಅಂಟಿಸಿರುತ್ತಾರೆ, ಅದಕ್ಕೆ ಬೇಕಿಲ್ಲ.

ಇನ್ನೊಂದು ವಿಷಯ: ಹೊಸ ಉಕ್ಕಿನ ಒಳಮೈ, ತುಕ್ಕು, ತೇವ ಇವು ಗ್ಯಾಸಿಗೆ ಸೇರಿಸಿರುವ ವಾಸನೆಯನ್ನು ಹೀರಿ ತೆಳುವಾಗಿಸಬಲ್ಲವು. ಮೊದಲ ತುಂಬಿನಲ್ಲಿ ಮೂಗನ್ನೇ ನಂಬಬೇಡಿ. ಟ್ರೇಲರಿನೊಳಗೆ ನೆಲದ ಹತ್ತಿರ ಇರುವ ಗ್ಯಾಸ್ ಡಿಟೆಕ್ಟರ್‌ನ ತಾರೀಖು ನೋಡಿ. ಅವುಗಳ ಆಯಸ್ಸು ಸಾಮಾನ್ಯವಾಗಿ 5ರಿಂದ 7 ವರ್ಷ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ನೆಲಕ್ಕಿಳಿದು ಕೂರುತ್ತದೆ. ಹಾಗಾಗಿಯೇ ಅದು ಮೊಣಕಾಲಿನ ಕೆಳಗಿರುತ್ತದೆ.

ಬಿಚ್ಚಿ ಕೂರಿಸುವ ಕೆಲಸ

ಬಯಲಿನಲ್ಲಿ, ಹಗಲಿನಲ್ಲಿ ಮಾಡಿ. ಗ್ಯಾರೇಜಿನೊಳಗೆ ಬೇಡ.

1. ಎರಡೂ ಸಿಲಿಂಡರ್ ವಾಲ್ವ್ ಮುಚ್ಚಿ. ಒಲೆಯ ಒಂದು ಬರ್ನರ್ ಹಚ್ಚಿ, ಲೈನಿನಲ್ಲಿ ಉಳಿದ ಗ್ಯಾಸ್ ಉರಿದು ತಾನೇ ಆರಲಿ. ನಾಬ್ ಮುಚ್ಚಿ. ಫರ್ನೇಸ್, ಹೀಟರ್, ಫ್ರಿಜ್ ಆಫ್ ಮಾಡಿ. ಫ್ರಿಜ್ ತಾನಾಗಿ ಕಿಡಿ ಹಾರಿಸುವ ಜಾತಿ, ಆಟೋ ಮೋಡ್‌ನಲ್ಲಿ ಬಿಡಬೇಡಿ. ಬ್ಯಾಟರಿ ಸ್ವಿಚ್ ಆಫ್ ಮಾಡಿ.

2. ಹಳೆಯ ಜೋಡಣೆಯ ಫೋಟೋ ನಾಲ್ಕು ದಿಕ್ಕಿನಿಂದ ತೆಗೆದಿಟ್ಟುಕೊಳ್ಳಿ. ಮುಚ್ಚಳ, ವಿಂಗ್ ನಟ್, ಅಡ್ಡಪಟ್ಟಿ ತೆಗೆದು ಪಿಗ್‌ಟೇಲ್ ಬಿಚ್ಚಿ ಸಿಲಿಂಡರ್ ಇಳಿಸಿ. ಪ್ಲಾಸ್ಟಿಕ್ ನಟ್ ಬಲಗಡೆಗೆ ಬಿಗಿಯುತ್ತದೆ, ಎಡಗಡೆಗೆ ಸಡಿಲ. ತುಂಬ ಹಳೆಯ ಟ್ರೇಲರ್‌ನಲ್ಲಿ ಸ್ಪ್ಯಾನರ್ ಹಾಕುವ ಹಿತ್ತಾಳೆ ನಟ್ ಇದ್ದರೆ ಅದು ಉಲ್ಟಾ ಥ್ರೆಡ್. ಸುಮ್ಮನೆ ಬಲ ಹಾಕಿ ಕೆಡಿಸಬೇಡಿ.

3. ಈಗ ತಟ್ಟೆ ಬರಿದಾಗಿದೆ. ಬೋಲ್ಟ್ ಸಡಿಲವಿದೆಯೇ, ತಟ್ಟೆ ತುಕ್ಕು ತಿಂದು ತೆಳುವಾಗಿದೆಯೇ, ಕಂಬಿಯ ಬುಡದ ಬೆಸುಗೆ ಬಿರಿದಿದೆಯೇ ನೋಡಿ. ಮೇಲೆ 110 ಪೌಂಡ್ ಕೂರುತ್ತದೆ. ಬೆಸುಗೆ ಬಿರಿದಿದ್ದರೆ ಅವತ್ತಿನ ಕೆಲಸ ಅಲ್ಲಿಗೆ ನಿಲ್ಲಿಸಿ. ಉದ್ದನೆಯ ಕಂಬಿ ಹಾಕಿ ಕೆಳಗೆ ಲಾಕ್ ನಟ್ ಬಿಗಿಯಿರಿ.

4. ಹಳೆಯ ರೆಗ್ಯುಲೇಟರ್ ತೆಗೆಯುವಾಗ ಸ್ಪ್ಯಾನರ್ ಎರಡೂ ಬೇಕು: ಒಂದು ಫಿಟ್ಟಿಂಗ್ ಹಿಡಿದಿರಲಿ, ಇನ್ನೊಂದು ನಟ್ ತಿರುಗಿಸಲಿ. ಒಂದರಲ್ಲೇ ಎಳೆದರೆ ತಿರುಚುವ ಬಲ ಅಡಿಯ ಪೈಪಿನವರೆಗೂ ಹೋಗಿ, ಎಲ್ಲೋ ಒಳಗಿನ ಜೋಡಣೆ ಸಡಿಲಾಗುತ್ತದೆ. ಮುಂದೆ ಸೋರುವುದು ನೀವು ಮುಟ್ಟದ ಜಾಗದಲ್ಲಿ.

5. ಹೊಸ ರೆಗ್ಯುಲೇಟರಿನ ಹೊರದಾರಿ 3/8 ಇಂಚಿನ ಪೈಪ್ ಥ್ರೆಡ್. ಅದಕ್ಕೆ ಬರುವ ಗಂಡು ಫಿಟ್ಟಿಂಗಿಗೆ ಮೊದಲ ಥ್ರೆಡ್ ಬಿಟ್ಟು, ಬಿಗಿಯುವ ದಿಕ್ಕಿಗೆ ಎರಡು-ಮೂರು ಸುತ್ತು ಹಳದಿ ಟೇಪ್ ಸುತ್ತಿ. ಇದನ್ನು ಮೇಜಿನ ಮೇಲೇ ಮಾಡಿ ಮುಗಿಸಿ. ಟೇಪ್ ಬೇಕಾದದ್ದು ಇದೊಂದೇ ಕಡೆ. ಫ್ಲೇರ್ ಜೋಡಣೆಗಳು ಲೋಹಕ್ಕೆ ಲೋಹ ಒತ್ತಿ ಮುಚ್ಚಿಕೊಳ್ಳುವಂಥವು. ಅಲ್ಲಿ ಟೇಪ್ ಸುತ್ತಿದರೆ ಕೂರಬೇಕಾದ ಮೈ ಕೂರದೆ ಸೋರುತ್ತದೆ, ಇಲ್ಲವೇ ಟೇಪಿನ ಚೂರು ಒಳಗೆ ಹೋಗಿ ರೆಗ್ಯುಲೇಟರಿನ ಸಣ್ಣ ತೂತಿಗೆ ಅಡ್ಡವಾಗುತ್ತದೆ. ಈ ಕೆಲಸದಲ್ಲಿ ಅತಿ ಹೆಚ್ಚು ಆಗುವ ತಪ್ಪು ಇದೇ.

6. ರೆಗ್ಯುಲೇಟರನ್ನು ಬ್ರಾಕೆಟ್‌ಗೆ ಕೂರಿಸುವಾಗ ಅದರ ಉಸಿರುಕಿಂಡಿ ನೆಲದ ಕಡೆ ನೋಡಲಿ. ಮೇಲಕ್ಕಿದ್ದರೆ ಮಳೆನೀರು ಹೊಕ್ಕು ಹೆಪ್ಪುಗಟ್ಟುತ್ತದೆ. ಎತ್ತರವೂ ಮುಖ್ಯ. ಹೊಸ ಸಿಲಿಂಡರಿನ ವಾಲ್ವ್ ಆರು ಇಂಚು ಮೇಲೆ ಬಂದಿರುವುದರಿಂದ ಬ್ರಾಕೆಟನ್ನೂ ಅಷ್ಟೇ ಏರಿಸಿ, ರೆಗ್ಯುಲೇಟರ್ ವಾಲ್ವ್‌ಗಿಂತ ಮೇಲಿರುವಂತೆ ಮಾಡಿ. ಹೋಸಿನಲ್ಲಿ ಕೂಡುವ ಎಣ್ಣೆಯಂಥ ಜಿಡ್ಡು ಆಗ ಸಿಲಿಂಡರಿಗೆ ಹಿಂದಿರುಗುತ್ತದೆ. ಹಳೆಯ ಎತ್ತರದಲ್ಲೇ ಬಿಟ್ಟರೆ ಜಿಡ್ಡೆಲ್ಲ ರೆಗ್ಯುಲೇಟರಿಗೆ ಇಳಿದು ಅದರ ಡಯಾಫ್ರಂ (ಒಳಗಿನ ರಬ್ಬರ್ ಪೊರೆ) ಕೆಡಿಸುತ್ತದೆ. ಸಿಲಿಂಡರ್ ಬದಲಿಸಿದ ಮೇಲೆ ವರ್ಷದೊಳಗೆ ರೆಗ್ಯುಲೇಟರ್ ಕೆಟ್ಟರೆ ಮೊದಲು ಸಂಶಯಪಡಬೇಕಾದದ್ದು ಈ ಎತ್ತರವನ್ನೇ.

7. ಪಿಗ್‌ಟೇಲಿನ ಫ್ಲೇರ್ ತುದಿಯನ್ನು ರೆಗ್ಯುಲೇಟರಿಗೆ ಬೆರಳಲ್ಲೇ ಪೂರ್ತಿ ತಿರುಗಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಕಾಲು ಸುತ್ತಿನಷ್ಟು ಬಿಗಿ. ಬೆರಳಲ್ಲಿ ಎರಡು ಸುತ್ತಿಗೇ ತಡೆದರೆ ಥ್ರೆಡ್ ಅಡ್ಡ ಕೂತಿದೆ, ಬಿಚ್ಚಿ ಮತ್ತೆ ಹಾಕಿ. ಮುಖ್ಯ ಹೋಸ್ ಜೋಡಿಸಿ.

8. ಸಿಲಿಂಡರ್ ಕೂರಿಸಿ ಅಡ್ಡಪಟ್ಟಿ ಬಿಗಿಯಿರಿ. ಕೈಯಲ್ಲಿ ಅಲುಗಾಡಿಸಿದರೆ ಟ್ರೇಲರೇ ಅಲುಗಬೇಕು, ಸಿಲಿಂಡರ್ ಅಲ್ಲ. ಪ್ಲಾಸ್ಟಿಕ್ ನಟ್ ಕೈಯಲ್ಲೇ ಬಿಗಿ ಮಾಡಿ, ಸ್ಪ್ಯಾನರ್ ತಾಗಿಸಬೇಡಿ. ಬೆಂಕಿಯ ಕಾವಿಗೆ ಕರಗಿ ಗ್ಯಾಸ್ ನಿಲ್ಲಿಸಬೇಕಾದ ಭಾಗ ಅದು.

ತೆರೆಯುವಾಗ ನಿಧಾನ

ವಾಲ್ವನ್ನು ಬಹಳ ನಿಧಾನವಾಗಿ ತೆರೆಯಿರಿ. ಪಟ್ಟನೆ ತೆರೆದರೆ ಹೋಸ್ ತುಂಡಾಗಿದೆ ಎಂದುಕೊಂಡು ನಟ್‌ನೊಳಗಿನ ರಕ್ಷಕ ಮುಚ್ಚಿಕೊಳ್ಳುತ್ತದೆ. ಗ್ಯಾಸ್ ಹನಿಹನಿಯಾಗಿ ಬರುತ್ತದೆ, ಒಲೆ ಮಿಣುಕುತ್ತದೆ, ಫರ್ನೇಸ್ ಹತ್ತುವುದೇ ಇಲ್ಲ. 'ಹೊಸ ರೆಗ್ಯುಲೇಟರ್ ಹಾಳು' ಎಂದು ಅಂಗಡಿಗೆ ಹಿಂದಿರುಗಿಸುವವರಲ್ಲಿ ಅನೇಕರ ಕಥೆ ಇಷ್ಟೇ. ಮದ್ದು: ವಾಲ್ವ್ ಮುಚ್ಚಿ, ಒಳಗಿನ ನಾಬ್‌ಗಳೆಲ್ಲ ಮುಚ್ಚಿವೆಯೇ ನೋಡಿ, ಒಂದೆರಡು ನಿಮಿಷ ಕಾದು ಮತ್ತೆ ನಿಧಾನ ತೆರೆಯಿರಿ.

ಈಗ ದ್ರಾವಣ ಹಚ್ಚಿ: ವಾಲ್ವ್‌ನ ಕುತ್ತಿಗೆ, ಪ್ಲಾಸ್ಟಿಕ್ ನಟ್, ಹೋಸಿನ ಎರಡೂ ತುದಿ, ರೆಗ್ಯುಲೇಟರಿನ ಒಳದಾರಿ-ಹೊರದಾರಿ, ಮುಖ್ಯ ಹೋಸ್ ಪೈಪಿಗೆ ಸೇರುವ ಜಾಗ. ಒಂದು ನಿಮಿಷ ಕಣ್ಣಿಟ್ಟು ನೋಡಿ. ಸಣ್ಣ ಸೋರಿಕೆ ಗುಳ್ಳೆ ಎಬ್ಬಿಸುವುದಿಲ್ಲ, ನೊರೆಯಂತೆ ಬೆಳ್ಳಗೆ ಕಟ್ಟುತ್ತದೆ. ಮನೆಯ ಸೋಪುನೀರು ಬಳಸುವುದಾದರೆ ಅಮೋನಿಯಾ, ಕ್ಲೋರಿನ್ ಇಲ್ಲದ್ದು ಆಗಿರಲಿ. ಅಮೋನಿಯಾ ಹಿತ್ತಾಳೆಯನ್ನು ಸೀಳುತ್ತದೆ, ಇವತ್ತು ಪರೀಕ್ಷೆಗೆ ಹಚ್ಚಿದ್ದೇ ಮುಂದಿನ ವರ್ಷದ ಸೋರಿಕೆಯಾಗುತ್ತದೆ. ಸೋರುವ ಫ್ಲೇರ್ ಬಿಗಿದರೂ ನಿಲ್ಲದಿದ್ದರೆ ಇನ್ನಷ್ಟು ಬಲ ಹಾಕದೆ ಬಿಚ್ಚಿ ಮೈ ನೋಡಿ. ಗೀರು ಬಿದ್ದಿದ್ದರೆ ಹೊಸ ಹೋಸೇ ಗತಿ. ಕಡ್ಡಿ ಗೀರಿ ನೋಡುವ ಧೈರ್ಯ ಯಾರಿಗೂ ಬೇಡ.

ದ್ರಾವಣ ಹೊರಗಿನ ಜೋಡಣೆಗಳನ್ನಷ್ಟೇ ನೋಡುತ್ತದೆ. ಗೋಡೆಯೊಳಗಿನ ಲೈನ್ ನೋಡಲು ಒತ್ತಡ ಅಳೆಯುವ ಮಾನೋಮೀಟರ್ ಬೇಕು. ಪಾರದರ್ಶಕ ಟ್ಯೂಬನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ ಅರ್ಧ ನೀರು ತುಂಬಿದರೂ ಸಾಕು. ಟ್ಯೂಬಿನ ಒಂದು ತುದಿಯನ್ನು ಒಲೆಯ ಬರ್ನರ್ ಮುಚ್ಚಳ ತೆಗೆದು ಅದರ ಜೆಟ್ಟಿಗೆ ಬಿಗಿಯಾಗಿ ತೊಡಿಸಿ, ಆ ನಾಬ್ ತೆರೆಯಿರಿ. ಓದಬೇಕಾದದ್ದು ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸ. ಒಂದು ಕಡೆ ಐದೂವರೆ ಇಂಚು ಏರಿ, ಇನ್ನೊಂದು ಕಡೆ ಐದೂವರೆ ಇಳಿದರೆ ಅದು 11. ಒಂದೇ ಕಡೆ ಓದಿ 'ಒತ್ತಡ ಅರ್ಧವೇ ಇದೆ' ಎಂದು ರೆಗ್ಯುಲೇಟರಿನ ತಿರುಪು ಏರಿಸಿದರೆ ಒಲೆಗೆ ಹೋಗುವುದು ದುಪ್ಪಟ್ಟು ಒತ್ತಡ.

ಉಪಕರಣಗಳೆಲ್ಲ ಮುಚ್ಚಿದ್ದಾಗ ಓದು 14 ಇಂಚು ದಾಟಬಾರದು. ಅರ್ಧದಷ್ಟು ಉಪಕರಣ ಉರಿಯುವಾಗ 11ರಲ್ಲಿ ನಿಲ್ಲಬೇಕು. ಕೊನೆಯದು ಸೋರಿಕೆಯ ಪರೀಕ್ಷೆ: ಎಲ್ಲ ಉಪಕರಣ ಮುಚ್ಚಿ, ಸಿಲಿಂಡರ್ ವಾಲ್ವ್ ಮುಚ್ಚಿ, ಇನ್ನೊಂದು ಬರ್ನರಿನಿಂದ ಸ್ವಲ್ಪ ಗ್ಯಾಸ್ ಬಿಟ್ಟು 8 ಇಂಚಿಗೆ ಇಳಿಸಿ, ಮೂರು ನಿಮಿಷ ಕಾಯಿರಿ. ನೀರು ಕದಲಬಾರದು. 11ರಲ್ಲೇ ಬಿಟ್ಟು ನೋಡಿದರೆ ಏನು? ಪಿಗ್‌ಟೇಲಿನಲ್ಲಿ ಸಿಕ್ಕಿಕೊಂಡ ಹೆಚ್ಚಿನ ಒತ್ತಡದ ಗ್ಯಾಸ್, ಸೋರಿದ್ದನ್ನು ರೆಗ್ಯುಲೇಟರ್ ಮೂಲಕ ತುಂಬಿಕೊಡುತ್ತಲೇ ಇರುತ್ತದೆ. ಸೋರುತ್ತಿದ್ದರೂ ಓದು ಅಲುಗುವುದಿಲ್ಲ. ನೀರು ಇಳಿದು, ಹೊರಗಿನ ಜೋಡಣೆಗಳಲ್ಲಿ ಏನೂ ಕಾಣದಿದ್ದರೆ ಪ್ರಮಾಣಿತ ಆರ್‌ವಿ (ಇಂಥ ಚಕ್ರದ ಮನೆಗಳ) ತಂತ್ರಜ್ಞರನ್ನು ಕರೆಯಿರಿ. ಕಾರ್ಖಾನೆಯ ರೆಗ್ಯುಲೇಟರ್ 11ಕ್ಕೇ ಹೊಂದಿಸಿ ಬಂದಿರುತ್ತದೆ, ಅದನ್ನು ತಿರುಗಿಸುವ ಕೆಲಸವೂ ಅವರದೇ ಆಗಲಿ.

ಉಪಕರಣ ಹಚ್ಚುವಾಗ ಒಲೆಯಿಂದ ಶುರು ಮಾಡಿ. ಲೈನಿನ ಗಾಳಿ ಅಲ್ಲಿ ಕಣ್ಣೆದುರೇ ಹೋಗುತ್ತದೆ. ಫರ್ನೇಸ್, ಹೀಟರ್‌ಗಳಿಂದ ಶುರು ಮಾಡಿದರೆ ಅವು ಮೂರು ಸಲ ಕಿಡಿ ಹಾರಿಸಿ ಲಾಕ್ ಆಗುತ್ತವೆ.

ಚೇಂಜ್‌ಓವರ್ ಜೊತೆ ಬಾಳುವುದು

ಲಿವರ್ ಯಾವ ಕಡೆ ತೋರಿಸುತ್ತದೋ ಮೊದಲು ಖರ್ಚಾಗುವುದು ಆ ಸಿಲಿಂಡರ್. ಅದು ಖಾಲಿಯಾದರೆ ರೆಗ್ಯುಲೇಟರ್ ತಾನೇ ಇನ್ನೊಂದರಿಂದ ಎಳೆಯುತ್ತದೆ, ರೆಗ್ಯುಲೇಟರಿನ ಮೇಲಿನ ಸಣ್ಣ ಕಿಟಕಿಯ ಹಸಿರು ಕೆಂಪಾಗುತ್ತದೆ. ಲಿವರನ್ನು ತುಂಬಿದ ಕಡೆಗೆ ತಿರುಗಿಸಿದರೆ ಮತ್ತೆ ಹಸಿರು. ಖಾಲಿಯನ್ನು ಬಿಚ್ಚಿ ಒಯ್ಯಬಹುದು. ಪರೀಕ್ಷಿಸಲು ಒಲೆ ಉರಿಯುವಾಗ ಲಿವರ್ ಕಡೆಯ ವಾಲ್ವ್ ಮುಚ್ಚಿ ನೋಡಿ, ಉರಿ ಕುಗ್ಗದೆ ಕೆಂಪು ಬರಬೇಕು.

ಈ ಅನುಕೂಲದ ಕುತ್ತು ಅದರ ಅನುಕೂಲವೇ. ಮುಚ್ಚಳದಡಿಯ ಕೆಂಪನ್ನು ಯಾರೂ ನೋಡುವುದಿಲ್ಲ, ಎರಡೂ ಸದ್ದಿಲ್ಲದೆ ಖಾಲಿಯಾಗುತ್ತವೆ. ದಿನಾ ಬೆಳಿಗ್ಗೆ ಕಾಫಿಗೆ ನೀರಿಡುವ ಮೊದಲು ಒಮ್ಮೆ ನೋಡುವ ಅಭ್ಯಾಸ ಸಾಕು. ಇಲ್ಲವೇ ಸಿಲಿಂಡರಿನ ತಳಕ್ಕೆ ಅಯಸ್ಕಾಂತದಿಂದ ಅಂಟುವ ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿದರೆ ಮಟ್ಟ ಫೋನಿನಲ್ಲೇ ಕಾಣುತ್ತದೆ. ಅಲ್ಯುಮಿನಿಯಂ ಸಿಲಿಂಡರಿಗೆ ಅಯಸ್ಕಾಂತ ಹಿಡಿಯುವುದಿಲ್ಲ ಅನ್ನುವುದು ನೆನಪಿರಲಿ. ಹೋಸಿನಲ್ಲಿ ಸಿಕ್ಕಿಸುವ ಒತ್ತಡದ ಮುಳ್ಳಿನ ಗೇಜ್‌ಗೆ ದುಡ್ಡು ಹಾಕಬೇಡಿ. ದ್ರವ ಒಂದು ಲೋಟ ಉಳಿದಿದ್ದರೂ ಒತ್ತಡ ಅಷ್ಟೇ ಇರುವುದರಿಂದ ಅದು ಕೊನೆಯ ಗಳಿಗೆಯವರೆಗೆ 'ಫುಲ್' ಅನ್ನುತ್ತದೆ.

ಹೊರಗೆ ದೋಸೆ ಹುಯ್ಯಬೇಕೆಂದರೆ

ಸಿಲಿಂಡರ್ ಬಿಚ್ಚಿರುವಾಗಲೇ ಹೊರಗಿನ ಗ್ರಿಡಲ್‌ಗೆ (ಗ್ಯಾಸಿನ ಕಾವಲಿಗೆ) ಒಂದು ಕವಲು ತೆಗೆಯುವುದು ಸುಲಭ. ದಾರಿ ಎರಡು, ಒಂದಕ್ಕೊಂದು ಬೆರೆಸಬಾರದು. ಟ್ರೇಲರ್ ಪಕ್ಕದಲ್ಲಿ ಕ್ವಿಕ್-ಕನೆಕ್ಟ್ ಕಿಂಡಿ ಇದ್ದರೆ ಅದರಲ್ಲಿರುವುದು ಈಗಾಗಲೇ 11 ಇಂಚಿಗೆ ಇಳಿದ ಗ್ಯಾಸ್. ಒಂದು ಪೌಂಡಿನ ಸಣ್ಣ ಹಸಿರು ಪ್ರೊಪೇನ್ ಡಬ್ಬಿಗೆಂದು ಮಾಡಿದ ಗ್ರಿಡಲನ್ನು ಅದರದೇ ರೆಗ್ಯುಲೇಟರ್ ಸಮೇತ ಅಲ್ಲಿಗೆ ಸಿಕ್ಕಿಸಿದರೆ ಎರಡು ರೆಗ್ಯುಲೇಟರ್ ಸಾಲಾಗಿ, ಕಾವಲಿ ಬಿಸಿಯೇ ಏರುವುದಿಲ್ಲ. ಅಲ್ಲಿಗೆ ಕಡಿಮೆ ಒತ್ತಡಕ್ಕೆಂದೇ ಮಾಡಿದ ಗ್ರಿಡಲ್ ಬೇಕು, ಅಥವಾ ತಯಾರಕರು ಕೊಡುವ ಬದಲಿ ಜೋಡಣೆ. ಎರಡನೆಯ ದಾರಿ ಸಿಲಿಂಡರ್ ಮತ್ತು ಪಿಗ್‌ಟೇಲ್ ನಡುವೆ ಹಾಕುವ ಹಿತ್ತಾಳೆಯ ಟೀ, ಅಂದರೆ ಮೂರು ಬಾಯಿಯ ಜೋಡಣೆ. ಅದರಿಂದ ಬರುವುದು ಸಿಲಿಂಡರಿನ ಪೂರ್ತಿ ಒತ್ತಡ, ಆದ್ದರಿಂದ ಸ್ವಂತ ರೆಗ್ಯುಲೇಟರ್ ಇರುವ ಗ್ರಿಡಲ್ ಅಲ್ಲಿಗೆ ಸರಿ. ಈ ಹೋಸನ್ನು ಟ್ರೇಲರಿನೊಳಗೆ ಒಯ್ಯುವಂತಿಲ್ಲ. ಗ್ರಿಡಲನ್ನು ತೆರೆದ ಕಿಟಕಿಯ ಕೆಳಗೂ ಇಡಬೇಡಿ.

ತುಂಬಿಸುವುದು, ಹೊರಡುವುದು

30 ಪೌಂಡಿನದನ್ನು ಅಂಗಡಿ ಮುಂದಿನ ಪಂಜರದಲ್ಲಿ ಅದಲುಬದಲು ಮಾಡಿಕೊಳ್ಳುವುದು ಆಗದ ಮಾತು, ಅಲ್ಲಿ ಇಡುವುದು 20 ಪೌಂಡಿನವನ್ನು. ಅವೂ ಸಾಮಾನ್ಯವಾಗಿ 15 ಪೌಂಡ್ ತುಂಬಿದವು. ದೊಡ್ಡ ಸಿಲಿಂಡರ್ ಹಾಕಿದ ಮೇಲೆ ತುಂಬಿಸುವ ಪಂಪ್ ಇರುವ ಜಾಗವನ್ನೇ ಹುಡುಕಬೇಕು: ಯು-ಹಾಲ್, ಟ್ರ್ಯಾಕ್ಟರ್ ಸಪ್ಲೈ ಅಂಗಡಿಗಳು, ದೊಡ್ಡ ಕ್ಯಾಂಪ್‌ಗ್ರೌಂಡ್‌ಗಳು. ಎಲ್ಲ ಕಡೆ ಶೇಕಡಾ 80ರಷ್ಟೇ ತುಂಬುತ್ತಾರೆ, ಮೋಸವಲ್ಲ. ಬಿಸಿಲಿಗೆ ಪ್ರೊಪೇನ್ ಹಿಗ್ಗಲು ಉಳಿದ ಜಾಗ ಬೇಕು. ಮನೆಗೆ ತಂದು ತೂಗಿ ನೋಡಿ. ಖಾಲಿ ತೂಕ ಕಳೆದರೆ 30 ದಾಟಬಾರದು. ಕಾರಿನಲ್ಲಿ ಸಾಗಿಸುವಾಗ ನೆಟ್ಟಗೆ ನಿಲ್ಲಿಸಿ ಕಟ್ಟಿ. ಅಡ್ಡ ಮಲಗಿಸಿದರೆ ಸುರಕ್ಷಾ ವಾಲ್ವ್‌ನ ಬಾಯಿಗೆ ದ್ರವ ಬರುತ್ತದೆ.

ಹೊರಡುವ ಮೊದಲು ವಾಲ್ವ್ ಮುಚ್ಚಿ, ಫ್ರಿಜ್ 12 ವೋಲ್ಟಿಗೆ ತಿರುಗಿಸಿ ಅಥವಾ ತಣ್ಣಗಾಗಿಸಿ ಬಾಗಿಲು ಮುಚ್ಚಿಯೇ ಇಡಿ. ನಾಲ್ಕೈದು ಗಂಟೆ ಅದು ತಡೆಯುತ್ತದೆ. ಮೊದಲ ನೂರು ಮೈಲಿ ಆದ ಮೇಲೆ ಒಮ್ಮೆ ನಿಲ್ಲಿಸಿ, ವಿಂಗ್ ನಟ್ ಸಡಿಲಾಗಿದೆಯೇ, ಹೋಸ್ ಮುಚ್ಚಳಕ್ಕೆ ಉಜ್ಜುತ್ತಿದೆಯೇ ನೋಡಿ. ಪೂರ್ವ ಕರಾವಳಿಯಲ್ಲಿ ಓಡಾಡುವವರು ಸುರಂಗಗಳ ನಿಯಮ ಮೊದಲೇ ನೋಡಿಟ್ಟುಕೊಳ್ಳಿ. ಬಾಲ್ಟಿಮೋರ್‌ನ ಐ-95, ಐ-895 ಹೆದ್ದಾರಿ ಸುರಂಗಗಳಲ್ಲಿ ಒಂದು ಸಿಲಿಂಡರಿಗೆ 10 ಪೌಂಡ್ ಮೇಲ್ಪಟ್ಟ ಪ್ರೊಪೇನ್ ಬಿಡುವುದಿಲ್ಲ, 20 ಪೌಂಡಿನ ಹಳೆಯ ಜೋಡಿಗೂ ಅಲ್ಲಿ ಪ್ರವೇಶವಿರಲಿಲ್ಲ. ಮುಂಚೆ ಸುತ್ತಿ ಹೋಗಲು ಪೂರ್ವದಲ್ಲಿ ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ ಇತ್ತು. ಅದು 2024ರ ಮಾರ್ಚ್ 26ರಂದು ಹಡಗು ಬಡಿದು ಬಿದ್ದಿತು. ಆಮೇಲೆ ಉಳಿದದ್ದು ನಗರವನ್ನು ಸುತ್ತುವ ಐ-695 ಹೆದ್ದಾರಿಯ ಪಶ್ಚಿಮದ ಅರ್ಧವೃತ್ತ. ಜಿಪಿಎಸ್ ಸಿಲಿಂಡರ್ ನೋಡದೆ ನೇರ ಸುರಂಗದ ಬಾಯಿಗೇ ಕರೆದೊಯ್ಯುತ್ತದೆ, ಆ ದಾರಿಯನ್ನು ಮನೆಯಲ್ಲೇ ಕೈಯಾರೆ ಹಾಕಿಟ್ಟು ಹೊರಡಿ.